ಯಾರೂ ಹಚ್ಚದ ಪ್ಲೇಟೇ ಹೊಳೆಯುತ್ತದೆ

ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ‘ನಾಗಿನ್’ ಧಾಟಿ ಎತ್ತಿದರೆ ಸಾಕು, ಕರವಸ್ತ್ರ ಬಾಯಲ್ಲಿ ಕಚ್ಚಿಕೊಂಡು ಹಾವಾಗಿ ಕುಣಿಯುವ ಮಾವನೊಬ್ಬ ಎಲ್ಲ ಊರಿನಲ್ಲೂ ಸಿಗುತ್ತಾನೆ. ಅವನನ್ನು ಕುಣಿಸುವ ಆ ದನಿ ಮೂಲದಲ್ಲಿ ಪುಂಗಿಯದಲ್ಲ. 1954ರ ‘ನಾಗಿನ್’ ಹಿಂದಿ ಚಿತ್ರಕ್ಕೆ ಸಂಗೀತ ಕೊಟ್ಟವರು ಹೇಮಂತ ಕುಮಾರ್. ಪುಂಗಿಯ ನಾದ ಹೊರಡಿಸಿದವರು ಕಲ್ಯಾಣ್‌ಜಿ, ಕ್ಲೇವಿಯೋಲಿನ್ ಎಂಬ ವಿದ್ಯುತ್ ವಾದ್ಯದ ಮೇಲೆ. ಜೊತೆಗೆ ಹಾರ್ಮೋನಿಯಂ ಹಿಡಿದವರು ರವಿ. ಫ್ರಾನ್ಸಿನಲ್ಲಿ 1947ರಲ್ಲಿ ಹುಟ್ಟಿದ ಆ ಪುಟ್ಟ ಯಂತ್ರದ ದನಿ ಅರಗಿನ ಪ್ಲೇಟಿಗೆ ಇಳಿದು, ಮೈಕ್‌ಸೆಟ್ಟಿನ ತಗಡಿನ ಕಹಳೆಯಿಂದ ಹೊರಟು, ನಮ್ಮ ಜಾತ್ರೆಗಳನ್ನೆಲ್ಲ ಸುತ್ತಿತು. ಎಲೆಕ್ಟ್ರಾನಿಕ್ ಸಂಗೀತ ನಮ್ಮ ಸೀಮೆಗೆ ಹೊಸದು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕೂತು ಇಂಥ ಸಂಗೀತದ ಹಳೆಯ ಪ್ಲೇಟು ಕೂಡಿಹಾಕುವ ಹುಚ್ಚು ಹತ್ತಿದವರಿಗಾಗಿ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಸ್ಟಾಕ್‌ಹೌಸನ್, ಕ್ರಾಫ್ಟ್‌ವರ್ಕ್ ಇಲ್ಲಿಯ ಸಂತೆಯಲ್ಲಿ ಸಿಗುತ್ತಾರೆಂದು ಕಾಯಬೇಡಿ. ಕಾಯುತ್ತ ಕೂತರೆ ಕಣ್ಣೆದುರಿನದೂ ಕೈತಪ್ಪುತ್ತದೆ. ಇಲ್ಲಿ ಸಿಗುವ ಎಲೆಕ್ಟ್ರಾನಿಕ್ ಪ್ರಯೋಗಕ್ಕೆ ಆ ಹೆಸರಿನ ಚೀಟಿ ಅಂಟಿಸಿರುವುದಿಲ್ಲ. ಅದು ಡಿಸ್ಕೋ ಎಂದೋ, ಸಿನಿಮಾ ಧಾಟಿ ಎಂದೋ, ‘ವಾದ್ಯ ಸಂಗೀತ’ ಎಂದೋ ಬೇರೆ ವೇಷದಲ್ಲಿ ಕೂತಿರುತ್ತದೆ.

ಎಲ್ಲಿ ಕೂತಿರುತ್ತದೆ? ಗುಜರಿ ಅಂಗಡಿಗಿಂತ ಮೊದಲು ಹಳೆಯ ಮೈಕ್‌ಸೆಟ್ಟಿನವರ ಮನೆಗೆ ಹೋಗಿ. ಕ್ಯಾಸೆಟ್ಟು ಬರುವ ಮುಂಚೆ ಮದುವೆ, ಜಾತ್ರೆ, ನಾಟಕ, ಗಣಪತಿ ಎಲ್ಲದಕ್ಕೂ ರಿಕಾರ್ಡು ಹಚ್ಚುತ್ತಿದ್ದವರು ಅವರೇ. ಊರಿನ ಶ್ರೀಮಂತರ ಮನೆಯಲ್ಲಿ ಇಪ್ಪತ್ತು ಪ್ಲೇಟು ಇದ್ದರೆ ಇವರ ಹತ್ತಿರ ಕಟ್ಟಿಗೆ ಪೆಟ್ಟಿಗೆಗಟ್ಟಲೆ ಇರುತ್ತಿದ್ದವು. ಎರಡನೆಯ ಜಾಗ ಮುಚ್ಚಿಹೋದ ಟಾಕೀಸುಗಳು. ಪಡದೆ ಏಳುವ ಮೊದಲು, ಜನ ಬಂದು ಕೂರುವ ಹೊತ್ತಿನಲ್ಲಿ, ಮಾತಿಲ್ಲದ ವಾದ್ಯದ ಪ್ಲೇಟು ಹಚ್ಚುವ ರೂಢಿ ಇತ್ತು. ಮೂರನೆಯದು ಮನೆ ಬದಲಾಯಿಸಿದವರ ಅಟ್ಟ. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಿದಾಗ ಪುನರ್ವಸತಿ ಕೇಂದ್ರಕ್ಕೆ ಸಾಮಾನು ಸಾಗಿಸಿದವರು ಬೇಕಾದ್ದನ್ನು ಬಳಸಿದರು, ಬೇಡವಾದ್ದನ್ನು ಕಟ್ಟಿದ ಗಂಟಿನಲ್ಲೇ ಬಿಟ್ಟರು. ಅಂಥ ಗಂಟುಗಳಲ್ಲಿ ಈಗಲೂ ಪ್ಲೇಟು ಇರಬಹುದು.

ಕೆಲವು ವರ್ಷದ ಕೆಳಗೆ ಬನಹಟ್ಟಿಯಲ್ಲಿ ಹಳೆಯ ಮೈಕ್‌ಸೆಟ್ಟಿನ ಒಬ್ಬ ಹಿರಿಯರ ಪಡಸಾಲೆಯಲ್ಲಿ ಮಧ್ಯಾಹ್ನವಿಡೀ ಕೂತಿದ್ದೆ. ಗೋಡೆಯಾಚೆ ವಿದ್ಯುತ್ ಮಗ್ಗ ಒಂದೇ ತಾಳದಲ್ಲಿ ಬಡಿಯುತ್ತಿತ್ತು. (ಒಂದೇ ತಾಳ ಅರ್ಧ ತಾಸು ಹೊಡೆಯುವ ಸಂಗೀತ ಬೇಸರವೆನ್ನುವವರು ಆ ಓಣಿಯಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಅಲ್ಲಿಯವರಿಗೆ ಮಗ್ಗ ನಿಂತರೆ ಎಚ್ಚರವಾಗುತ್ತದೆ.) ಪೆಟ್ಟಿಗೆಯಲ್ಲಿ ಮೇಲಿದ್ದ ಪ್ಲೇಟುಗಳೆಲ್ಲ ಜನ ಮೆಚ್ಚಿದ ಹಾಡಿನವು. ಎತ್ತಿ ಬೆಳಕಿಗೆ ಹಿಡಿದರೆ ಬೂದಿ ಬಳಿದಂತೆ ಸವೆದಿದ್ದವು. ತಳದಲ್ಲಿ ಒಂದೇ ಒಂದು ಪ್ಲೇಟು ಎಣ್ಣೆ ಹಚ್ಚಿದ ಕೂದಲಿನಂತೆ ಕರ‍್ರಗೆ ಮಿರುಗುತ್ತಿತ್ತು. ಎಲೆಕ್ಟ್ರಿಕ್ ಆರ್ಗನ್ ಮೇಲೆ ನುಡಿಸಿದ ಸಿನಿಮಾ ಧಾಟಿಗಳದು. ಯಾಕೆ ಇದು ಹೀಗಿದೆ ಎಂದೆ. “ಅದನ್ನ ಯಾರೂ ಕೇಳಲಿಲ್ಲರೀ ಸರ. ಮದುವಿ ಮನ್ಯಾಗ ಒಮ್ಮಿ ಹಚ್ಚಿದ್ರ ಬೀಗರು ಬಂದು, ಮಷಿನ್ ಕೆಟ್ಟೈತೇನೋ ತಮ್ಮಾ ಅಂದ್ರು. ಅವತ್ತ ಇಟ್ಟದ್ದು ಇವತ್ತ ನೀವ ತಗದ್ರಿ,” ಎಂದರು.

ಅವತ್ತಿನಿಂದ ಪೆಟ್ಟಿಗೆ ತೆರೆದರೆ ನಾನು ಮೊದಲು ಮಿರುಗುವುದನ್ನು ಹುಡುಕುತ್ತೇನೆ. ಜನ ಬೇಡವೆಂದದ್ದೇ ಮುಳ್ಳಿನ ಬಾಯಿಗೆ ಬೀಳದೆ ಉಳಿದಿರುತ್ತದೆ. ಪ್ರಯೋಗ ಸಂಗೀತ ಹುಡುಕುವವರಿಗೆ ಇದೇ ದೊಡ್ಡ ಅನುಕೂಲ. ನಿಮಗೆ ಬೇಕಾದದ್ದೂ ಊರಿಗೆ ಬೇಡವಾದದ್ದೂ ಒಂದೇ.

ಇದಕ್ಕೆ ದೊಡ್ಡ ಸಾಕ್ಷಿ ಚರಣಜಿತ್ ಸಿಂಗ್. ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಈ ಕಲಾವಿದ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಕೊಂಡರು: ಟಿಬಿ-303, ಟಿಆರ್-808, ಜುಪಿಟರ್-8. 1982ರಲ್ಲಿ ಅವುಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಎಚ್‌ಎಂವಿ ಪ್ಲೇಟು ತಂದಿತು, ಯಾರೂ ಕೊಳ್ಳಲಿಲ್ಲ. ಅದೇ 303 ಯಂತ್ರವನ್ನು ತಿರುಚಿ ಶಿಕಾಗೋದ ಹುಡುಗರು ‘ಆಸಿಡ್ ಹೌಸ್’ ಎಂಬ ಹೊಸ ಬಗೆಯನ್ನೇ ಹುಟ್ಟಿಸಿದ ಮೊದಲ ಪ್ಲೇಟು ಬಂದದ್ದು 1987ರಲ್ಲಿ. 2002ರಲ್ಲಿ ದಿಲ್ಲಿಯ ಅಂಗಡಿಯೊಂದರಲ್ಲಿ ಡಚ್ ಸಂಗ್ರಾಹಕ ಎಡೊ ಬೌಮನ್ ಕೈಗೆ ಚರಣಜಿತರ ಪ್ಲೇಟು ಸಿಕ್ಕಿತು. 2010ರಲ್ಲಿ ಅವರು ಮರುಮುದ್ರಣ ಮಾಡಿಸಿದ ಮೇಲೆ, ಮನೆಯಲ್ಲಿ ಸುಮ್ಮನಿದ್ದ ಚರಣಜಿತ್ ಮುಪ್ಪಿನಲ್ಲಿ ಯುರೋಪಿನ ವೇದಿಕೆ ಹತ್ತಿದರು. 2015ರಲ್ಲಿ ತೀರಿಕೊಂಡರು. ಮೂಲ ಪ್ಲೇಟಿಗೆ ಹೊರದೇಶದಲ್ಲಿ ಈಗ ನೂರಾರು ಡಾಲರ್ ಬೆಲೆ. ಇದನ್ನು ನಮ್ಮ ಕಡೆಯವರು ಕೇಳಬೇಕು. ಭೈರವಿ, ತೋಡಿ, ಮಾಲಕೌಂಸ, ಯಮನ್ ನಮಗೆ ಯಾರೂ ಪರಿಚಯಿಸಬೇಕಿಲ್ಲ. ಮನ್ಸೂರರ, ಜೋಶಿಯವರ ತೋಡಿ ಕೇಳಿ ಬೆಳೆದ ಕಿವಿಗೆ ಯಂತ್ರದ ತೋಡಿ ಮೊದಲ ಸಲ ನಗೆ ತರಿಸುತ್ತದೆ. ನಾಲ್ಕನೆಯ ಸಲ ನಗು ಬರುವುದಿಲ್ಲ.

ಇನ್ನೊಂದು ರೂಪಾ ಬಿಸ್ವಾಸ್ ಅವರ ‘ಡಿಸ್ಕೋ ಜ್ಯಾಝ್’. ಕೆನಡಾದ ಕ್ಯಾಲ್ಗರಿಯಲ್ಲಿ ಸರೋದ್, ತಬಲಾ, ಸಿಂಥಸೈಜರ್ ಕೂಡಿಸಿ ಮುದ್ರಿಸಿದ್ದು. ಭಾರತದಲ್ಲಿ 1982ರಲ್ಲಿ ಮೆಗಾಫೋನ್ ಕಂಪನಿ ತಂದಾಗ ಇದೂ ಬಿದ್ದುಹೋಯಿತು. 2019ರಲ್ಲಿ ಅಮೆರಿಕದ ನ್ಯೂಮೆರೋ ಗ್ರೂಪ್ ಮರುಮುದ್ರಿಸಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕತೆ ಇವೆರಡಕ್ಕಿಂತ ವಿಚಿತ್ರ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅಲ್ಲಿ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಶುದ್ಧ ಎಲೆಕ್ಟ್ರಾನಿಕ್ ಪ್ರಯೋಗ ನಡೆಸಿದರು. ಆ ಟೇಪುಗಳು ಕಪಾಟಿನಲ್ಲೇ ಉಳಿದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವನ್ನು ಹೊರತೆಗೆದ ಮೇಲೆ, ಪ್ಲೇಟಾಗಿ ಬಂದದ್ದು 2023ರಲ್ಲಿ. ಹಾಗಾಗಿ 1970ರ ಹೊತ್ತಿನ ‘ಮೂಲ’ ಅಹಮದಾಬಾದ್ ಪ್ಲೇಟು ಎಂದು ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ. ಅಂಥದ್ದು ಇಲ್ಲ.

ಕನ್ನಡದ್ದೇನಿದೆ ಎಂದು ಕೇಳುವಿರಿ. ಇದೆ, ಆದರೆ ಸಿನಿಮಾದೊಳಗಿದೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಪ್ಲೇಟನ್ನು ಹಾಡಿಗಾಗಿ ಎಲ್ಲರೂ ಇಟ್ಟುಕೊಳ್ಳುತ್ತಾರೆ. ನೀವು ಹಾಡಿನ ನಡುವೆ ಇಳಯರಾಜರು ಕೂರಿಸಿದ ವಾದ್ಯಭಾಗ ಕೇಳಿ. ಆ ಕಾಲದ ಅವರ ಎಲೆಕ್ಟ್ರಾನಿಕ್ ದನಿಗಳ ಮೇಲೆಯೇ ಬ್ರಿಟನ್ನಿನ ಫೈಂಡರ್ಸ್ ಕೀಪರ್ಸ್ ಕಂಪನಿ ಒಂದು ಸಂಕಲನ ಹೊರತಂದಿದೆ. ಇಳಯರಾಜರು ಪಳಗಿದ್ದು ಜಿ.ಕೆ. ವೆಂಕಟೇಶರ ಕೈಯಲ್ಲಿ. ವೆಂಕಟೇಶರ ‘ಜೇಡರ ಬಲೆ’ (1968), ‘ಆಪರೇಷನ್ ಡೈಮಂಡ್ ರಾಕೆಟ್’ (1978) ಇಂಥ ಪತ್ತೇದಾರಿ ಚಿತ್ರಗಳ ಸಣ್ಣ ಪ್ಲೇಟು ಸಿಕ್ಕರೆ ಬಿಡಬೇಡಿ. ಆನಂದ ಶಂಕರ್ ಅವರ 1975ರ ಎಚ್‌ಎಂವಿ ಪ್ಲೇಟೂ ಹಾಗೆಯೇ. ಸಿತಾರದ ಚಿತ್ರ ನೋಡಿ ಶಾಸ್ತ್ರೀಯ ಸಂಗೀತವೆಂದು ಕೊಂಡವರು ಮುಂದೆ ಮುಟ್ಟಿರುವುದಿಲ್ಲ.

ಸಿಂಥಸೈಜರನ್ನು ಹುಡುಕುವ ಜಾಗ ಕವಚದ ಹಿಂಬದಿ. ಗಾಯಕರ ಹೆಸರು ದಾಟಿ ಕೆಳಗೆ ಬನ್ನಿ. ಮೂಗ್, ಸಿಂಥಸೈಜರ್, ಎಲೆಕ್ಟ್ರಾನಿಕ್ ಆರ್ಗನ್, ಟ್ರಾನ್ಸಿಕಾರ್ಡ್, ಕ್ಲೇವಿಯೋಲಿನ್ ಇವುಗಳಲ್ಲಿ ಒಂದು ಪದ ಕಂಡರೂ ತೆಗೆದಿಡಿ. ಕವಚವೇ ಇಲ್ಲದಿದ್ದರೆ ನಡುವಿನ ಕಾಗದ ಓದಿ. ಅಲ್ಲಿ ಹಾಡುಗಾರರ ಹೆಸರಿಲ್ಲದೆ ಬರೀ ವಾದಕರ ಹೆಸರಿದ್ದರೆ ಅದು ಮಾತಿಲ್ಲದ ಪ್ಲೇಟು, ಹಚ್ಚಿ ನೋಡಲು ಯೋಗ್ಯ. ವ್ಯಾನ್ ಶಿಪ್ಲೆ ಅವರ ಎಲೆಕ್ಟ್ರಿಕ್ ಗಿಟಾರು, ಸ್ವತಃ ಚರಣಜಿತರು ನುಡಿಸಿದ ಸಿನಿಮಾ ಧಾಟಿಗಳು ಈ ಗುಂಪಿನವು.

ಕೊಳ್ಳುವ ಮೊದಲು

ಪ್ಲೇಟನ್ನು ಅಂಚು ಮತ್ತು ನಡುವಿನ ಕಾಗದದ ಮೇಲಷ್ಟೇ ಬೆರಳು ತಾಗುವಂತೆ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ. ಗೆರೆಗಳು ಕರ‍್ರಗೆ ಕಂಡರೆ ಒಳ್ಳೆಯದು. ಬೂದುಬಣ್ಣ ಕಂಡರೆ ಭಾರದ ಮುಳ್ಳು ಉತ್ತು ಹೋಗಿದೆ, ಅದನ್ನು ಯಾವ ತೊಳೆತವೂ ಸರಿಮಾಡುವುದಿಲ್ಲ. ಮೈಕ್‌ಸೆಟ್ಟಿನ ಪ್ಲೇಟಿನಲ್ಲಿ ಹೊರಅಂಚಿನ ಮೊದಲ ಬೆರಳಗಲವನ್ನು ವಿಶೇಷವಾಗಿ ನೋಡಿ. ಗಡಿಬಿಡಿಯಲ್ಲಿ ಮುಳ್ಳು ಕೆಡವುತ್ತಿದ್ದದ್ದು ಅಲ್ಲಿಯೇ. ಗೀರು ಕಂಡರೆ ಉಗುರಿನ ತುದಿಯನ್ನು ಮೆಲ್ಲಗೆ ಅಡ್ಡ ಎಳೆಯಿರಿ. ಉಗುರಿಗೆ ಸಿಗದ ಗೀರು ಬರೀ ನೋಟಕ್ಕೆ. ಸಿಕ್ಕಿದರೆ ಪ್ರತಿ ಸುತ್ತಿಗೂ ‘ಟಕ್’ ಎನ್ನುತ್ತದೆ.

ನಡುವಿನ ತೂತಿನ ಸುತ್ತ ಕಾಗದದ ಮೇಲೆ ಜೇಡನ ಕಾಲಿನಂಥ ಸಣ್ಣ ಗೆರೆಗಳಿರುತ್ತವೆ. ಕಡ್ಡಿಗೆ ತೂತು ಹುಡುಕುತ್ತ ಕೈ ಆಡಿಸಿದ ಗುರುತು ಅವು. ಗೆರೆ ಕಡಿಮೆಯಿದ್ದರೆ ಪ್ಲೇಟು ಕಡಿಮೆ ಹಚ್ಚಿದ್ದು. ಮಾರುವವರ ಮಾತಿಗಿಂತ ಈ ಜೇಡನ ಕಾಲನ್ನು ನಂಬಿ. ಕೊನೆಗೆ ಕಣ್ಣ ಮಟ್ಟಕ್ಕೆ ಹಿಡಿದು ಅಂಚು ನೋಡಿ, ತಟ್ಟೆಯಂತೆ ಸೊಟ್ಟಗಿದೆಯೋ ಎಂದು. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಮಾಳಿಗೆಯ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ ವಿನೈಲ್ ಪ್ಲೇಟು ಬಾಗದೆ ಉಳಿಯುವುದು ಕಷ್ಟ. ಸ್ವಲ್ಪ ಅಲೆ ಇದ್ದರೆ ಮುಳ್ಳು ಹತ್ತಿ ಇಳಿಯುತ್ತದೆ, ಹೆಚ್ಚಿದ್ದರೆ ಹಾರುತ್ತದೆ.

ನೀರಿನ ಪ್ಲೇಟುಗಳ ಮಾತೇ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕಿನ ಊರುಗಳಿಗೆ ನುಗ್ಗಿದಾಗ ಎಷ್ಟೋ ಮನೆಗಳ ಪೆಟ್ಟಿಗೆಗಳು ನೆನೆದವು. ನೆನೆದ ಪ್ಲೇಟು ಸತ್ತಿತೆಂದು ಎಸೆಯಬೇಡಿ. ವಿನೈಲ್‌ಗೆ ನೀರು ಏನೂ ಮಾಡುವುದಿಲ್ಲ. ಹೋಗುವುದು ಕವಚ. ರಟ್ಟು ಕೊಳೆತು ಬೂಸರು ಪ್ಲೇಟಿಗೆ ಹತ್ತಿರುತ್ತದೆ. ಒದ್ದೆ ಕವಚ ಪ್ಲೇಟಿಗೆ ಅಂಟಿದ್ದರೆ ಒಣಗಿದ ಮೇಲೆ ಕೀಳಬೇಡಿ. ಮತ್ತೆ ನೆನೆಸಿ ಮೆಲ್ಲಗೆ ಬಿಡಿಸಿ. ಕವಚದ ಹಿಂಬದಿಯ ಬರಹ ಓದಲು ಬಂದರೆ ಅದರ ಫೋಟೋ ತೆಗೆದಿಟ್ಟುಕೊಂಡು ರಟ್ಟನ್ನು ಮನೆಯಿಂದ ಹೊರಹಾಕಿ, ಇಲ್ಲವಾದರೆ ಬೂಸರು ಪಕ್ಕದ ಕವಚಕ್ಕೆ ದಾಟುತ್ತದೆ. 78ರ ಹಳೆಯ ಅರಗಿನ ಪ್ಲೇಟು ಮಾತ್ರ ಬಹಳ ಹೊತ್ತು ನೀರಲ್ಲಿ ಕೂತರೆ ಕೆಡುತ್ತದೆ.

ತೊಳೆಯುವುದು

ನಮ್ಮ ಊರುಗಳಿಗೆ ನಮ್ಮದೇ ಕೊಳೆ. ರಬಕವಿ-ಬನಹಟ್ಟಿಯ ಪ್ಲೇಟಿನ ಗೆರೆಗಳಲ್ಲಿ ನೂಲಿನ ನವಿರು ಧೂಳು. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳ ಆಸುಪಾಸಿನ ಮನೆಗಳಲ್ಲಿ ಕಪ್ಪು ಬೂದಿ. ನೂಲಿನ ಧೂಳು ಒಣಗಿದ ಮೆತ್ತನೆ ಬ್ರಷ್ಷಿಗೆ ಎದ್ದು ಬರುತ್ತದೆ. ಬೂದಿಯನ್ನು ಒಣಗಿದ್ದಾಗ ಉಜ್ಜಿದಿರೋ, ಅದೇ ಮರಳುಕಾಗದವಾಗುತ್ತದೆ. ಅದಕ್ಕೆ ಮೊದಲು ನೀರು ಹರಿಸಬೇಕು.

ಬೋರಿನ ನೀರು ಬೇಡ, ಸುಣ್ಣ ಗೆರೆಯಲ್ಲಿ ಕೂರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಅಲ್ಲೇ ಆಸಿಡ್ಡೂ ಮಾರುತ್ತಾರೆ, ಹಾಗಾಗಿ ಬರೀ ‘ಬ್ಯಾಟರಿ ನೀರು’ ಎನ್ನದೆ ಹೆಸರು ಹೇಳಿ ಕೇಳಿ, ಬಾಟಲಿ ಓದಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ ಸಾಕು. ಹಳೆಯ ಮೆತ್ತನೆ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಗೆರೆಯ ಗುಂಟ ಸುತ್ತಾಗಿ ಒರೆಸಿ, ಅಡ್ಡಡ್ಡ ಎಂದೂ ಬೇಡ. ನಡುವಿನ ಕಾಗದ ನೆನೆಯದಂತೆ ಒಂದು ಡಬ್ಬಿಯ ಮುಚ್ಚಳ ಒತ್ತಿ ಹಿಡಿಯಬಹುದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ. ಬಿಸಿಲಿಗಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಬಟ್ಟಲಾಗಿರುತ್ತದೆ. ನನ್ನದೊಂದು ಹಾಗೆಯೇ ಆಯಿತು, ಈಗ ಗೋಡೆಯ ಮೇಲಿದೆ. ಸ್ಪಿರಿಟ್ಟು, ಸ್ಯಾನಿಟೈಸರ್ ಹಚ್ಚುವವರಿದ್ದಾರೆ. ಅರಗಿನ ಪ್ಲೇಟಿಗೆ ಅದನ್ನು ಮುಟ್ಟಿಸಲೇಬೇಡಿ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಇಡುವಾಗ ಪುಸ್ತಕದಂತೆ ನಿಲ್ಲಿಸಿ, ಮಲಗಿಸಬೇಡಿ. ಬಿಸಿಲು ಬೀಳುವ ಪಶ್ಚಿಮದ ಗೋಡೆ, ಗ್ಯಾಸ್ ಒಲೆಯ ಹಿಂದಿನ ಗೋಡೆ ಎರಡೂ ಬೇಡ. ಬಸ್ಸಿನಲ್ಲಿ ತರುವಾಗ ಎರಡು ರಟ್ಟಿನ ನಡುವೆ ಕಟ್ಟಿ ತೊಡೆಯ ಮೇಲೆ ನಿಲ್ಲಿಸಿಕೊಳ್ಳಿ. ಡಿಕ್ಕಿಗೆ ಹಾಕಬೇಡಿ.

ಯಾವುದರ ಮೇಲೆ ಹಚ್ಚುವುದು

ಚಾವಿ ಕೊಡುವ ಹಿತ್ತಾಳೆ ಕಹಳೆಯ ಗ್ರಾಮಾಫೋನು ನೋಡಲು ಚೆಂದ. ಅದರ ಉಕ್ಕಿನ ಮುಳ್ಳಿನಡಿ ವಿನೈಲ್ ಪ್ಲೇಟು ಇಟ್ಟರೆ ಒಂದೇ ಸುತ್ತಿಗೆ ಮುಗಿಯಿತು. ಅದು 78ರ ಅರಗಿನ ಪ್ಲೇಟಿಗಷ್ಟೇ, ಅದಕ್ಕೂ ಪ್ರತಿ ಮಗ್ಗುಲಿಗೆ ಹೊಸ ಮುಳ್ಳು ಬೇಕು. ಎಚ್‌ಎಂವಿಯ ಹಳೆಯ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳು ಗುಜರಿಯಲ್ಲಿ ಸಿಗುತ್ತವೆ. ಅವುಗಳ ತೋಳು ಭಾರ. ಕೇಳಿ ನೋಡಲು ಸರಿ, ಅಪರೂಪದ ಪ್ಲೇಟಿಗಲ್ಲ. ಈಗ ಸೂಟ್‌ಕೇಸಿನ ಆಕಾರದಲ್ಲಿ ಬರುವ ಅಗ್ಗದ ಪ್ಲೇಯರುಗಳದೂ ಇದೇ ರೋಗ.

ಹೊಸದು ಕೊಳ್ಳುವುದಾದರೆ ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಮಟ್ಟದ್ದು ಶುರುವಿಗೆ ಸಾಕು, ಮುಳ್ಳು ಬದಲಿಸಬಹುದು. ಆದರೆ ಅದು 33 ಮತ್ತು 45ರಲ್ಲಷ್ಟೇ ತಿರುಗುತ್ತದೆ. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ 78 ಹೆಚ್ಚು. ಅದೂ ಬೇಕೆಂದರೆ ಎಲ್‌ಪಿ120ರಂಥ ಮೂರೂ ವೇಗದ್ದು ನೋಡಿ, ಜೊತೆಗೆ 78ಕ್ಕೆಂದೇ ಬೇರೆ ಮುಳ್ಳು ಕೊಳ್ಳಿ. 78ರ ಗೆರೆ ಅಗಲ, ಅದರ ಮುಳ್ಳಿನ ತುದಿ ಎಲ್‌ಪಿ ಮುಳ್ಳಿನ ತುದಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಎಲ್‌ಪಿ ಮುಳ್ಳನ್ನು ಅದರಲ್ಲಿ ಬಿಟ್ಟರೆ ಗೆರೆಯ ತಳದ ಕಸ ಗುಡಿಸುತ್ತದೆಯೇ ಹೊರತು ಹಾಡುವುದಿಲ್ಲ. ಪ್ಲೇಟಿಗೆ ರೊಕ್ಕ ಸುರಿಯುವ ಮೊದಲು ಮುಳ್ಳಿಗೆ ಖರ್ಚು ಮಾಡಿ. ಈ ಮಾತನ್ನು ನಾನು ತಡವಾಗಿ ಕಲಿತೆ.

78ರ ಮಾತು ಬಂತು ಎಂದಮೇಲೆ ಬೀಳಗಿಯನ್ನು ದಾಟಿ ಹೋಗಲಾಗದು. ಬೀಳಗಿಯಲ್ಲಿ ಹುಟ್ಟಿ ಮುಂಬೈಗೆ ಹೋಗಿ, ಊರ ಹೆಸರಿನ ಬದಲು ನಾಡಿನ ಹೆಸರನ್ನೇ ಇಟ್ಟುಕೊಂಡವರು ಅಮೀರಬಾಯಿ ಕರ್ನಾಟಕಿ. ‘ಕಿಸ್ಮತ್’ (1943), ‘ರತನ್’ (1944) ಚಿತ್ರಗಳ ಹಾಡಿನಿಂದ ದೇಶವಿಡೀ ಮನೆಮಾತಾದವರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯ ಹಾಡುಗಾರ್ತಿ. ಅಮೀರಬಾಯಿ 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರಿನದೇ. ರಹಮತ್ ತರೀಕೆರೆಯವರು ಅವರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನೀವು ಸಿಂಥಸೈಜರ್ ಹುಡುಕುತ್ತ ಹೋದ ಪೆಟ್ಟಿಗೆಯಲ್ಲಿ ಇವರ ಪ್ಲೇಟು ಸಿಕ್ಕೇ ಸಿಗುತ್ತದೆಂದು ಹೇಳಲಾರೆ. ಸಿಕ್ಕರೆ ಮಾತ್ರ ‘ಇದು ನನ್ನ ಬಗೆಯದಲ್ಲ’ ಎಂದು ಬದಿಗೆ ಸರಿಸಬೇಡಿ. ಅರಗಿನ ಪ್ಲೇಟಿನ ಸರಬರ ಸದ್ದಿನ ಹಿಂದಿನಿಂದ ಬೀಳಗಿಯ ಹೆಣ್ಣುಮಗಳ ದನಿ ಎದ್ದು ಬರುವುದನ್ನು ಕೇಳುವುದಕ್ಕೆ ಯಾವ ಮೂಗ್ ಯಂತ್ರವೂ ಸಮವಲ್ಲ. ಇದು ನನ್ನ ಪಕ್ಷಪಾತ, ಇರಲಿ. ಇನ್ನೊಂದು ಸಣ್ಣ ಗುಟ್ಟು: ಇಂಗ್ಲೆಂಡಿನಲ್ಲಿ 78 ನಿಂತುಹೋದ ಮೇಲೂ ಭಾರತದಲ್ಲಿ ಬೀಟಲ್ಸ್ ಹಾಡುಗಳು 78ರ ಪ್ಲೇಟಿನಲ್ಲಿ ಬಂದವು. ಹೊರದೇಶದವರು ಅದಕ್ಕೆ ಹಾತೊರೆಯುತ್ತಾರೆ. ನಿಮಗೆ ಸಿಕ್ಕರೆ ಅದನ್ನು ಮಾರಿ ಹತ್ತು ಎಲೆಕ್ಟ್ರಾನಿಕ್ ಪ್ಲೇಟು ಕೊಳ್ಳಬಹುದು.

ಇಲ್ಲಿ ಸಿಗದ್ದಕ್ಕೆ ದೂರ ಹೋಗಬೇಕು. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹಳೆಯ ದಾರಿ, ಆದರೆ ಅಲ್ಲಿಯವರಿಗೆ ಬೆಲೆ ಗೊತ್ತು. ಹೋಗುವ ಮೊದಲು ‘ಡಿಸ್ಕಾಗ್ಸ್’ ಎಂಬ ಜಾಲತಾಣದಲ್ಲಿ ಹಿಂದಿನ ಮಾರಾಟದ ಬೆಲೆ ನೋಡಿಕೊಳ್ಳಿ. ಮಾರುವವರು ಕೇಳುವ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು. ನಿಮಗೆ ಬೇಕಿರುವುದು ನಾದವಾದರೆ ಚರಣಜಿತ್, ರೂಪಾ, ಅಹಮದಾಬಾದಿನ ಟೇಪು ಮೂರನ್ನೂ ಮರುಮುದ್ರಣದಲ್ಲೇ ಕೊಳ್ಳಿ. ಮೂಲ ಪ್ಲೇಟಿನ ಹಟ ರೊಕ್ಕ ಇದ್ದವರ ಹಟ.

ಊರಿನಲ್ಲಿ ಕೊಳ್ಳುವಾಗ ಮಾತ್ರ ಬೆಲೆಯ ವಿಷಯದಲ್ಲಿ ನೆಟ್ಟಗಿರಿ. ಮೈಕ್‌ಸೆಟ್ಟಿನ ಹಿರಿಯರು “ಒಯ್ರಿ, ಏನ್ ಕೊಡ್ತೀರಿ ಕೊಡ್ರಿ” ಎನ್ನುತ್ತಾರೆ. ಹೊರಗೆ ಸಾವಿರಗಟ್ಟಲೆ ಬಾಳುವ ಪ್ಲೇಟೆಂದು ನಿಮಗೆ ಗೊತ್ತಿದ್ದೂ ಗುಜರಿ ದರಕ್ಕೆ ಹೊತ್ತು ತಂದರೆ, ಆ ಓಣಿಯಲ್ಲಿ ಎರಡನೆಯ ಬಾಗಿಲು ನಿಮಗೆ ತೆರೆಯುವುದಿಲ್ಲ. ಇಡೀ ಪೆಟ್ಟಿಗೆ ಕೊಡುತ್ತೇವೆಂದರೆ ಆರಿಸದೆ ಇಡೀ ಪೆಟ್ಟಿಗೆ ತನ್ನಿ, ಸವೆದ ಪ್ಲೇಟುಗಳ ಕವಚವಾದರೂ ಬೇರೆಯದಕ್ಕೆ ಆಗುತ್ತದೆ.

ತಂದ ದಿನವೇ ಪ್ರತಿ ಕವಚದೊಳಗೆ ಒಂದು ಚೀಟಿ ಬರೆದಿಡಿ: ಯಾವ ಊರು, ಯಾರ ಮೈಕ್‌ಸೆಟ್ಟು ಅಥವಾ ಯಾವ ಟಾಕೀಸು, ಯಾವ ತಾರೀಖು, ಕೊಟ್ಟವರು ಆ ಪ್ಲೇಟಿನ ಬಗ್ಗೆ ಏನೆಂದರು. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಮಸಿ ಮಳೆಗಾಲದಲ್ಲಿ ಒಸರುತ್ತದೆ.